ಕಾಫಿ ಡಬ್ಬಿಯ ಚೀಟಿ ಮತ್ತು ನಾಲ್ಕು ಟೈರು

ನವೆಂಬರ್ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಆರ್ವಿಡ್ ಸೋರ್ಲಿಯ ನೀಲಿ ಕಾರು ಅವನ ಮನೆಯ ಮುಂದಿನ ಇಳಿಜಾರಿನಲ್ಲಿ ಅಡ್ಡ ತಿರುಗಿ ನಿಂತುಬಿಟ್ಟಿತು. ಬಿದ್ದಿದ್ದು ಬೆರಳು ದಪ್ಪದ ಹಿಮವೂ ಅಲ್ಲ. ಮಣೆಯ ಮೇಲೆ ಉದುರಿಸಿದ ಹಿಟ್ಟಿನಷ್ಟು. ಅಮೆರಿಕದ ಉತ್ತರದಂಚಿನ ಡುಲೂತ್ ಊರಿನಲ್ಲಿ ಅಷ್ಟಕ್ಕೆ ಯಾರೂ ಹಿಮ ಅನ್ನುವುದಿಲ್ಲ. ಆದರೂ ಕಾರಿನ ಮೂತಿ ಒಂದು ಕಡೆ, ಬಾಲ ಒಂದು ಕಡೆ.

ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಮಾರ್ಲಿಸ್ ಬಾಗಿಲಿನ ಹಿಡಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ಎಡಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚುವ ನಾಳವಿತ್ತು. ಆ ಕೈಯನ್ನು ಮಡಿಲಿನಲ್ಲಿ, ಎಲ್ಲಿಯೂ ತಾಗದ ಹಾಗೆ ಇಟ್ಟುಕೊಂಡಿದ್ದಳು.

"ಏನೂ ಆಗ್ಲಿಲ್ಲ," ಎಂದ ಆರ್ವಿಡ್.

"ಇಲ್ಲ ಇಲ್ಲ, ಏನೂ ಆಗ್ಲಿಲ್ಲ," ಎಂದಳು ಮಾರ್ಲಿಸ್. "ಸ್ವಲ್ಪ ಬೇರೆ ಥರ ಇತ್ತು, ಅಷ್ಟೆ."

ಆ ಊರಿನವರು ಇಷ್ಟವಾಗದ್ದನ್ನು ಕೆಟ್ಟದ್ದು ಎಂದು ಹೇಳುವುದಿಲ್ಲ. 'ಬೇರೆ ಥರ' ಅನ್ನುತ್ತಾರೆ. ನಲವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡನಿಗೆ ಅದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಅವನು ಕೇಳಿಸಿಕೊಳ್ಳಲಿಲ್ಲ.

ಹಿಂದಿನಿಂದ ಹಾರನ್ ಕೇಳಿಸಿತು. ನಗರಸಭೆಯ ಹಿಮ ತಳ್ಳುವ ಲಾರಿ. ಅದರ ಕಿಟಕಿಯಿಂದ ಎದುರು ಮನೆಯ ರೋಂಡಾ ಮಾಕಿ ತಲೆ ಹೊರಹಾಕಿದಳು. ಹದಿನೇಳು ಚಳಿಗಾಲ ಆ ಲಾರಿ ಓಡಿಸಿದವಳು ಅವಳು.

"ಏನ್ ಆರ್ವಿಡ್, ಕಾರನ್ನ ಬೇಲಿ ಮಾಡ್ಕೊಂಡ್ರಾ? ನಿಮ್ಮ ಮೇಲೆ ಹತ್ತಿಸ್ಕೊಂಡು ಹೋಗ್ಲಾ, ಸುತ್ತಿ ಹೋಗ್ಲಾ?"

"ರಸ್ತೆ ಸರಿಯಾಗಿ ತಳ್ಳಿದ್ರೆ ಹೀಗೆ ಯಾಕಾಗ್ತಿತ್ತು?"

"ತಳ್ಳೋಕೆ ಏನಿದೆ ಇಲ್ಲಿ? ಪೊರಕೇಲಿ ಗುಡಿಸಿದ್ರೆ ಹೋಗುತ್ತೆ!" ಕೆಳಗಿಳಿದು ಬಂದವಳು ಕಾರಿನ ಚಕ್ರದ ಹತ್ತಿರ ಕೂತು ಟೈರಿಗೆ ಕೈಯಿಟ್ಟಳು. "ಅಯ್ಯೋ ದೇವರೇ. ಇದು ಬೇಸಿಗೆ ಟೈರು ಕಣ್ರೀ."

ಆ ಕಾರಿಗೊಂದು ಕಥೆಯಿತ್ತು. ಅದಿರು ಸಾಗಿಸುವ ರೈಲಿನಲ್ಲಿ ಮೂವತ್ತೈದು ವರ್ಷ ದುಡಿದ ಆರ್ವಿಡ್‌ನ ಬದುಕೆಲ್ಲ ಹಳೇ ಪಿಕಪ್ ಗಾಡಿಗಳಲ್ಲೇ ಕಳೆದಿತ್ತು. ಆಸೆಯಿದ್ದದ್ದು ಮಾತ್ರ ನೆಲಕ್ಕೆ ಅಂಟಿ ಓಡುವ ಸ್ಪೋರ್ಟ್ಸ್ ಸೆಡಾನ್ ಮೇಲೆ. ಮಾರ್ಲಿಸಳ ಕಿಡ್ನಿ ಕೈಕೊಟ್ಟ ವರ್ಷ ಅವಳೇ ಹೇಳಿದಳು, "ನಾಳೆ ನಾಳೆ ಅಂದಿದ್ದು ಸಾಕು. ತಗೋ. ಡಯಾಲಿಸಿಸ್‌ಗೆ ಹೋಗೋದೇ ಆದ್ರೆ ಚೆಂದದ ಕಾರಲ್ಲಿ ಹೋಗ್ತೀನಿ." ಸೆಪ್ಟೆಂಬರಿನಲ್ಲಿ ಅರಿಜೋನಾದ ಮರಳುಗಾಡಿನ ದಾಯಾದಿಯೊಬ್ಬನಿಂದ ಈ ಕಾರು ಬಂತು. ಪಿಕಪ್ ಮಾರಿಹೋಯಿತು. ಹಿಮ ಕಾಣದ ಊರಿನ ಕಾರಿಗೆ ಹಿಮ ಕಾಣದ ಟೈರು. ಅಗಲ, ಹೊಳಪು, ಹೊಚ್ಚ ಹೊಸದು.

ವಾರಕ್ಕೆ ಮೂರು ದಿನ ಬೆಟ್ಟದ ಮೇಲಿನ ಮನೆಯಿಂದ ಕೆರೆಯಂಚಿನ ಡಯಾಲಿಸಿಸ್ ಕೇಂದ್ರಕ್ಕೆ ಇಳಿಯಬೇಕು. ಕೆರೆ ಅನ್ನುವುದು ಹೆಸರಿಗೆ, ನೋಡಿದರೆ ಸಮುದ್ರ. ರಸ್ತೆಗಳು ನೇರ ಅದರ ಬಾಯಿಗೆ ಇಳಿಯುತ್ತವೆ. ಒಂದು ಸರದಿ ತಪ್ಪಿದರೆ ಮಾರ್ಲಿಸಳ ಕಾಲು ಊದುತ್ತದೆ. ಎರಡು ತಪ್ಪಿದರೆ ಶ್ವಾಸಕೋಶದಲ್ಲಿ ನೀರು. ಮೂರನೆಯದರ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ.

ಅಂದು ರೋಂಡಾ ಕಾರನ್ನು ನೆಟ್ಟಗೆ ಮಾಡಿಸಿ, ಮುಂದೆ ಮುಂದೆ ಉಪ್ಪು ಮರಳು ಸುರಿಯುತ್ತ ಇಳಿದಳು. ಆರ್ವಿಡ್ ಹಿಂದೆ ಹಿಂದೆ, ಮೆರವಣಿಗೆಯಂತೆ.

ಮರುದಿನ ಮಂಗಳವಾರ ಮಧ್ಯಾಹ್ನ ರೋಂಡಾ ಕಾಫಿಗೆ ಬಂದಳು. ಮಾರ್ಲಿಸ್ ಬ್ರೆಡ್ಡು, ಬೆಣ್ಣೆ ಇಟ್ಟಳು. ಕೂತ ಕೂಡಲೇ ಆರ್ವಿಡ್ ಜೇಬಿನಿಂದ ಒಂದು ಸೆಂಟಿನ ನಾಣ್ಯ ತೆಗೆದು ಮೇಜಿನ ಮೇಲಿಟ್ಟ. ಅಲ್ಲಿಯ ಗಂಡಸರಿಗೆಲ್ಲ ಗೊತ್ತಿರುವ ಪರೀಕ್ಷೆ ಅದು. ನಾಣ್ಯವನ್ನು ತಲೆಕೆಳಗು ಮಾಡಿ ಟೈರಿನ ಗೆರೆಯೊಳಗೆ ಇಳಿಸುವುದು. ನಾಣ್ಯದ ಮೇಲಿನ ಲಿಂಕನ್ನನ ನೆತ್ತಿ ಮುಚ್ಚಿಹೋದರೆ ಟೈರು ಇನ್ನೂ ಸವೆದಿಲ್ಲ ಎಂದರ್ಥ.

"ನೆತ್ತಿ ಅಷ್ಟೇ ಅಲ್ಲ, ಹಣೇನೂ ಮುಳುಗ್ತು," ಎಂದ. "ಇನ್ನೇನು ಬೇಕು ನಿಂಗೆ?"

"ನಾಣ್ಯ ಗೆರೆ ಎಷ್ಟು ಆಳ ಇದೆ ಅಂತ ಹೇಳುತ್ತೆ. ರಬ್ಬರು ಮೆತ್ತಗಿದೆಯಾ ಅಂತ ಹೇಳುತ್ತಾ?"

"ರಬ್ಬರು ರಬ್ಬರೇ."

ರೋಂಡಾ ಎದ್ದು ಫ್ರಿಜ್ಜಿನಿಂದ ಇನ್ನೊಂದು ಬೆಣ್ಣೆಗಟ್ಟಿ ತೆಗೆದಳು. ಚಾಕುವಿನಲ್ಲಿ ತುಂಡು ಕತ್ತರಿಸಿ ಆರ್ವಿಡ್‌ನ ಬ್ರೆಡ್ಡಿನ ಮೇಲಿಟ್ಟು, "ಹಚ್ಚಿ," ಎಂದಳು. ಬೆಣ್ಣೆ ಹರಡಲಿಲ್ಲ. ಜಾರಿ ಜಾರಿ ಬ್ರೆಡ್ಡನ್ನೇ ಹರಿದುಹಾಕಿತು. ಮೇಜಿನ ಮೇಲೆ ಮೊದಲೇ ಇದ್ದ ಬೆಣ್ಣೆಯನ್ನು ಮುಂದಕ್ಕೆ ತಳ್ಳಿದಳು. "ಈಗ ಇದನ್ನ ಹಚ್ಚಿ." ಅದು ಬ್ರೆಡ್ಡಿನ ಒಂದೊಂದು ತೂತಿಗೂ ಇಳಿದು ಕೂತಿತು.

"ಎರಡೂ ಒಂದೇ ಡೇರಿದು ತಾನೆ? ಬೇಸಿಗೆ ಟೈರಿನ ರಬ್ಬರು ಬಿಸಿ ರಸ್ತೆಗೆ ಅಂತಲೇ ಮಾಡಿದ್ದು. ಫ್ಯಾರನ್‌ಹೀಟ್ ನಲವತ್ತೈದಕ್ಕಿಂತ ಕೆಳಗೆ ಹೋದ್ರೆ ಫ್ರಿಜ್ಜಿನ ಬೆಣ್ಣೆ ಆಗ್ಬಿಡುತ್ತೆ. ಹಿಮ ಬೀಳ್ಬೇಕು ಅಂತಿಲ್ಲ, ಒಣ ರಸ್ತೇಲೇ ಹಿಡಿತ ಹೋಗುತ್ತೆ. ವರ್ಷವಿಡೀ ಓಡಿಸೋಕೆ ಅಂತ ಮಾಡಿದ ಸರ್ವಋತು ಟೈರಿನ ರಬ್ಬರು ಚಳೀಲೂ ಅಷ್ಟು ಬಿರುಸಾಗಲ್ಲ."

"ಅದಕ್ಕೇ ಮರಳು ಮೂಟೆ ಹಾಕಿದೀನಿ. ಡಿಕ್ಕೀಲಿ ಮೂರಿದೆ. ನಮ್ಮಪ್ಪ ಹಾಕ್ತಿದ್ದ, ಅವರಪ್ಪಾನೂ ಹಾಕ್ತಿದ್ದ."

"ಅವರದ್ದು ಖಾಲಿ ಪಿಕಪ್ಪು, ಹಿಂದುಗಡೆ ಭಾರ ಬೇಕಿತ್ತು. ಇಲ್ಲಿ ಕೇಳಿ. ಹತ್ತುವಾಗ ಮೂಟೆ ಹಿಡಿತ ಕೊಡುತ್ತೆ, ಒಪ್ಪಿದೆ. ಇಳಿಯುವಾಗ ಕಾರನ್ನೇ ಕೆಳಗೆ ತಳ್ಳುತ್ತಲ್ಲ? ಕೆರೆ ಎಷ್ಟು ದೂರ ಇದೆ?"

ಮಾರ್ಲಿಸ್ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದಳು. ಮತ್ತೆ ಬಗ್ಗಿಸಿದಳು.

"ಸರ್ವಋತು ಟೈರಂತೆ!" ಎಂದ ಆರ್ವಿಡ್. "ಕುದುರೆಗೆ ಎಮ್ಮೆ ಗೊರಸು ಕಟ್ಟಿದ ಹಾಗೆ. ತಿರುವಿನಲ್ಲಿ ಆ ಕಾರಿನ ಗತ್ತೇ ಹೋಗುತ್ತೆ."

"ಇಂಥ ಕಾರಿಗೆ ಅಂತಲೇ ಮಾಡಿದ ಸರ್ವಋತು ಟೈರು ಸಿಗುತ್ತೆ. ಗತ್ತು ಕೂದಲೆಳೆಯಷ್ಟು ಕಮ್ಮಿ ಆಗ್ಬಹುದು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅರವತ್ತೇಳು ವಯಸ್ಸಲ್ಲಿ ಆ ಕೂದಲೆಳೆ ಗೊತ್ತಾಗೋ ವೇಗದಲ್ಲಿ ನೀವು ತಿರುಗಿಸಿದ್ರೆ, ಪರೀಕ್ಷೆ ಮಾಡಿಸ್ಬೇಕಾದ್ದು ಟೈರನ್ನಲ್ಲ."

ಮಾರ್ಲಿಸ್ ನಕ್ಕಳು. ಆರ್ವಿಡ್ ನಗಲಿಲ್ಲ.

"ನಾಳೆ ಮಾರ್ಲಿಸ್‌ನ ನಾನು ಕರ್ಕೊಂಡು ಹೋಗ್ಲಾ? ನನ್ನ ಡಬ್ಬಾ ಕಾರಿಗೆ ಒಳ್ಳೇ ಟೈರಿದೆ."

"ಬೇಡ ಬೇಡ. ನಿಂಗ್ಯಾಕೆ ತೊಂದ್ರೆ."

"ತೊಂದ್ರೆ ಏನಿಲ್ಲ. ರಾತ್ರಿ ಪಾಳಿ ಮುಗಿಸಿ ಖಾಲಿ ಇರ್ತೀನಿ."

"ಪರವಾಗಿಲ್ಲ, ನೋಡ್ಕೋತೀನಿ."

ಅಲ್ಲಿಯ ಮರ್ಯಾದೆ ಹೀಗೆ: ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಕೇಳಿದಾಗ ಒಪ್ಪಬೇಕು. ಆರ್ವಿಡ್ ಕಾದ. ರೋಂಡಾ ಕೋಟು ಹಾಕಿಕೊಂಡಳು.

"ಮೂರನೇ ಸಲ ನಾನು ಕೇಳಲ್ಲ, ಆರ್ವಿಡ್. ಈ ಸಲ ನೀವೇ ಕೇಳ್ಬೇಕು."

ಬುಧವಾರ ಬೆಳಿಗ್ಗೆ ಚಳಿ ಇನ್ನೂ ಏರಿತ್ತು. ಹನ್ನೊಂದಕ್ಕೆ ಮಾರ್ಲಿಸಳ ಸರದಿ. ಎಂಟು ಗಂಟೆಗೇ ಆರ್ವಿಡ್ ಗ್ಯಾರೇಜಿನಿಂದ ಇನ್ನೆರಡು ಮರಳು ಮೂಟೆ ಹೊತ್ತು ತಂದ. ಡಿಕ್ಕಿಯಲ್ಲಿ ಜಾಗ ಮಾಡಲು ಕಾಫಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

ಆ ಡಬ್ಬಿ ಇಲ್ಲದ ಗಾಡಿ ಆ ಊರಿನಲ್ಲಿ ಇಲ್ಲ. ಹಿಮದಲ್ಲಿ ಸಿಕ್ಕಿಕೊಂಡರೆ ಬೇಕಾಗುತ್ತದೆಂದು ಖಾಲಿ ಕಾಫಿ ಡಬ್ಬಿಯಲ್ಲಿ ಮೇಣದ ಬತ್ತಿ, ಬೆಂಕಿಪೊಟ್ಟಣ, ತಿನ್ನಲು ಒಂದಿಷ್ಟು ಇಟ್ಟಿರುತ್ತಾರೆ. ಪ್ರತಿ ವರ್ಷ ಅದನ್ನು ತುಂಬುವವನು ಆರ್ವಿಡ್ಡೇ. ಈ ಸಲ ಡಬ್ಬಿ ಭಾರವಾಗಿತ್ತು. ಮುಚ್ಚಳ ತೆಗೆದು ನೋಡಿದ. ಒಂದರ ಬದಲು ನಾಲ್ಕು ಮೇಣದ ಬತ್ತಿ. ಮಾರ್ಲಿಸಳ ಮಾತ್ರೆಗಳ ಎರಡು ದಿನದ ಪೊಟ್ಟಣ. ಅವಳ ಉಣ್ಣೆ ಕಾಲುಚೀಲ. ತಳದಲ್ಲಿ ಅಡುಗೆ ಬರೆದಿಡುವ ರಟ್ಟಿನ ಚೀಟಿ. ಅವಳದ್ದೇ ಗುಂಡು ಅಕ್ಷರ.

"ನಮ್ಮನ್ನು ಕಂಡವರಿಗೆ. ನನ್ನ ಹೆಸರು ಮಾರ್ಲಿಸ್ ಸೋರ್ಲಿ. ನಾನು ಡಯಾಲಿಸಿಸ್ ರೋಗಿ. ಸೋಮ, ಬುಧ, ಶುಕ್ರ. ಎಡಗೈ ಹಿಡಿದು ಎಳೆಯಬೇಡಿ, ಆ ಕೈಯಲ್ಲಿ ರಕ್ತದೊತ್ತಡ ನೋಡಬೇಡಿ. ನನ್ನ ಗಂಡ ಟೈರು ಚೆನ್ನಾಗಿದೆ ಎಂದು ಹೇಳುತ್ತಾನೆ. ಅವನ ಜೊತೆ ವಾದಿಸಬೇಡಿ, ಹೊತ್ತು ಹೋಗುತ್ತದೆ. ಒಳ್ಳೆಯವನು."

ಆರ್ವಿಡ್ ಅದನ್ನು ಎರಡು ಸಲ ಓದಿದ. ಕೈಗವಸು ಇಲ್ಲದ ಬೆರಳು ಮರಗಟ್ಟಿತು. ಅಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು.

"ಅದು..." ಎಂದಳು ಮಾರ್ಲಿಸ್. "ಸುಮ್ನೆ ಬರೆದಿಟ್ಟೆ."

"ಯಾವಾಗ?"

"ಅಕ್ಟೋಬರ್‌ನಲ್ಲಿ. ಮೊದಲ ಸಲ ಜಾರಿತಲ್ಲ, ಅವತ್ತು."

"ನಂಗೆ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ನಲ್ಲ. ಬೇರೆ ಥರ ಇದೆ ಅಂತ."

"ಉಫ್ ದಾ," ಎಂದ ಆರ್ವಿಡ್. ಅವನ ನಾರ್ವೆಯ ಅಜ್ಜಿ ಹಾಲು ಉಕ್ಕಿದಾಗಲೂ ಸಾವು ಬಂದಾಗಲೂ ಅನ್ನುತ್ತಿದ್ದ ಮಾತು ಅದು. ಡಿಕ್ಕಿ ಮುಚ್ಚಿದ. "ಕಾರು ನೋಡಿ ಖುಷಿ ಪಡ್ತಿದ್ದೆ ನೀನು. ಅದಕ್ಕೇ..."

"ಕಾರಲ್ಲ ಕಣೋ ನಾನು ನೋಡ್ತಿದ್ದದ್ದು. ಅದನ್ನ ಓಡಿಸುವಾಗ ನಿನ್ನ ಮುಖ ನೋಡ್ತಿದ್ದೆ. ಆ ಕಳೆ ಹೋಗ್ಬಿಡುತ್ತೇನೋ ಅಂತ ಸುಮ್ನಿದ್ದೆ."

ಆರ್ವಿಡ್ ರಸ್ತೆ ದಾಟಿ ರೋಂಡಾಳ ಬಾಗಿಲು ತಟ್ಟಿದ. ಅರ್ಧ ನಿದ್ದೆಯಲ್ಲಿ, ಕೆದರಿದ ತಲೆಯಲ್ಲಿ ಅವಳು ಬಂದು ನಿಂತಳು.

"ಮೂರನೇ ಸಲ ನಾನೇ ಕೇಳ್ತಿದೀನಿ," ಎಂದ. "ಇವಳನ್ನ ಕರ್ಕೊಂಡು ಹೋಗ್ತೀಯಾ? ಆಮೇಲೆ ನನ್ನನ್ನ ಟೈರಂಗಡಿಗೆ."

"ಪ್ಯಾಂಟು ಹಾಕ್ಕೊಳ್ಳೋಕೆ ಬಿಡ್ತೀರಾ?" ಎಂದಳು ರೋಂಡಾ.

ಮಾರ್ಲಿಸಳನ್ನು ಕೇಂದ್ರದಲ್ಲಿ ಬಿಟ್ಟು ಬಂದರು. ಟೈರಂಗಡಿ ಬೆಟ್ಟದ ಮೇಲೇ, ಸಮತಟ್ಟು ರಸ್ತೆಯಲ್ಲಿತ್ತು. ನೀಲಿ ಕಾರು ಎತ್ತಿನ ಗಾಡಿಯ ವೇಗದಲ್ಲಿ ಹೋಯಿತು. ಹಿಂದೆ ರೋಂಡಾಳ ಡಬ್ಬಾ ಕಾರು ಎಚ್ಚರಿಕೆಯ ದೀಪ ಮಿಣುಕಿಸುತ್ತ.

ಅಂಗಡಿಯಲ್ಲಿ ಟೈರುಗಳು ಗೋಡೆಯುದ್ದಕ್ಕೂ ನಿಂತಿದ್ದವು. ರೋಂಡಾ ಒಂದರ ಪಕ್ಕೆಯನ್ನು ಬೆರಳಿನಿಂದ ತೋರಿಸಿದಳು. "ಇಲ್ಲಿ 'ಎಂ' ಮತ್ತು 'ಎಸ್' ಅಕ್ಷರ ನೋಡಿ. ಮಡ್, ಸ್ನೋ, ಅಂದ್ರೆ ಕೆಸರು, ಹಿಮ ಅಂತ. ಎಲ್ಲಾ ಸರ್ವಋತು ಟೈರಿನ ಮೇಲೂ ಇರುತ್ತೆ. ಅಪರೂಪಕ್ಕೆ ಹಿಮ ಬೀಳೋ ಊರಿಗೆ ಸಾಕು. ನಮ್ಮೂರಿಗೆ ಸಾಲಲ್ಲ. ಇದು ನೋಡಿ: ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು. ಹಿಮದಲ್ಲಿ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ ಈ ಗುರುತು. ಈ ಗುರುತಿರೋ ಸರ್ವಋತು ಟೈರೇ ತಗೊಳ್ಳಿ."

"ಇದಕ್ಕಿಂತ ಒಳ್ಳೇದು ಇಲ್ವಾ?"

"ಇದೆ. ಬರೀ ಚಳಿಗಾಲದ್ದೇ ಟೈರು. ಮಂಜುಗಡ್ಡೆ ಮೇಲೆ ಅದೇ ಮೇಲು. ಆದ್ರೆ ಏಪ್ರಿಲ್‌ನಲ್ಲಿ ಬಿಚ್ಚಬೇಕು, ಅಕ್ಟೋಬರ್‌ನಲ್ಲಿ ಹಾಕ್ಬೇಕು, ಇನ್ನೊಂದು ಸೆಟ್ ಇಡೋಕೆ ಜಾಗ ಬೇಕು. ಕ್ರಿಸ್‌ಮಸ್ ದೀಪ ಮೇ ತಿಂಗಳವರೆಗೂ ಇಳಿಸದ ಮನುಷ್ಯ ನೀವು, ಮಾಡ್ತೀರಾ?"

"ಇಲ್ಲ," ಎಂದು ಆರ್ವಿಡ್ ಒಪ್ಪಿಕೊಂಡ. "ಸರಿ, ಇದೇ ಎರಡು ಕೊಡಿ. ಹಿಂದಿನ ಚಕ್ರಕ್ಕೆ ತಾನೆ ಎಂಜಿನ್ ಬಲ ಇರೋದು."

ಅಂಗಡಿಯವನೂ ರೋಂಡಾಳೂ ಒಟ್ಟಿಗೇ "ನಾಲ್ಕು!" ಎಂದರು.

"ಮುಂದಿನ ಚಕ್ರ ತಾನೆ ತಿರುಗಿಸೋದು?" ಎಂದಳು ರೋಂಡಾ. "ಬ್ರೇಕೂ ಹೆಚ್ಚು ಹಿಡಿಯೋದು ಅದೇ. ಹಿಂದಿನದು ತಳ್ಳುತ್ತೆ, ಮುಂದಿನದು ಜಾರುತ್ತೆ, ನೇರ ಕೆರೆಗೆ. ನಾಲ್ಕೂ ಒಂದೇ ಥರದ್ದು ಇರ್ಬೇಕು. ಹಳೇ ಟೈರಿನ ಮೇಲೆ ಬರೆದಿರೋ ಅಳತೆಯದ್ದೇ."

ನಾಲ್ಕೂ ಹೊಸ ಟೈರು ಹಾಕಿಸಿದ. ಡಿಕ್ಕಿಯ ಮರಳು ಮೂಟೆಗಳೂ ಇಳಿದವು. ಅವನ್ನು ಅಂಗಳದ ಮೆಟ್ಟಿಲಿಗೆ ಸುರಿಯಲು ಇಟ್ಟುಕೊಂಡ.

ಗುರುವಾರವಿಡೀ ಹಿಮ ಬಿತ್ತು. ಶುಕ್ರವಾರ ಬೆಳಿಗ್ಗೆ ರೋಂಡಾ ತಳ್ಳಿಹೋದ ರಸ್ತೆಯ ಮೇಲೆ ಇನ್ನೂ ಬಿಳಿ ಪದರವಿತ್ತು. ಆರ್ವಿಡ್ ನೇರ ಬೆಟ್ಟ ಇಳಿಯಲಿಲ್ಲ. ಮೊದಲು ಒಬ್ಬನೇ ಚರ್ಚಿನ ಹಿಂದಿನ ಖಾಲಿ ಮೈದಾನಕ್ಕೆ ಹೋಗಿ ನಾಲ್ಕಾರು ಸಲ ಬ್ರೇಕ್ ಒತ್ತಿ ನೋಡಿದ. ಕಾರು ಚೂರು ಜಾರಿ, ಕಚ್ಚಿ, ನಿಂತಿತು. ಮೊದಲಿನ ಹಾಗೆ ತನ್ನ ಪಾಡಿಗೆ ಹೋಗಲಿಲ್ಲ. ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂಬ ಅಂದಾಜು ಸಿಕ್ಕಿತು. ಆಮೇಲೆ ಮನೆಗೆ ಬಂದು ಮಾರ್ಲಿಸಳನ್ನು ಹತ್ತಿಸಿಕೊಂಡ.

ಇಳಿಜಾರಿನ ತಲೆಯಲ್ಲಿ ಅವಳು ಬಾಗಿಲ ಹಿಡಿ ಹಿಡಿದಳು. ಆರ್ವಿಡ್ ನಡೆಯುವವನ ವೇಗದಲ್ಲಿ ಇಳಿಸಿದ. ಮೊದಲ ಅಡ್ಡರಸ್ತೆಯಲ್ಲಿ ಕಾರು ನಿಂತಿತು. ಎರಡನೆಯದರಲ್ಲೂ ನಿಂತಿತು. ಮೂರನೆಯದರಲ್ಲಿ ಅವಳು ಹಿಡಿ ಬಿಟ್ಟು ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. ಕೈ ಮತ್ತೆ ಹಿಡಿಗೆ ಹೋಗಲಿಲ್ಲ.

"ಹೇಗಿದೆ?" ಎಂದ ಆರ್ವಿಡ್, ರಸ್ತೆಯಿಂದ ಕಣ್ಣು ತೆಗೆಯದೆ.

"ಅಷ್ಟೇನೂ ಕೆಟ್ಟದಾಗಿಲ್ಲ," ಎಂದಳು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕೇಂದ್ರದ ಮುಂದೆ ಅವಳು ಡಿಕ್ಕಿ ತೆಗೆಸಿದಳು. ಡಬ್ಬಿಯಿಂದ ಚೀಟಿ ತೆಗೆದು, ಪೆನ್ನಿನಿಂದ ಗೀಚಿ, ಮತ್ತೆ ಒಳಗೇ ಇಟ್ಟಳು. ಚಳಿಗಾಲ ಚಳಿಗಾಲವೇ, ಡಬ್ಬಿ ಇರಬೇಕು, ಚೀಟಿಯೂ ಇರಬೇಕು. ಅವಳು ಒಳಗೆ ಹೋದ ಮೇಲೆ ಆರ್ವಿಡ್ ಅದನ್ನು ತೆಗೆದು ನೋಡಿದ. ಟೈರಿನ ಮಾತಿಗೂ ವಾದದ ಮಾತಿಗೂ ಗೀಟು ಬಿದ್ದಿತ್ತು. "ಒಳ್ಳೆಯವನು" ಎಂಬುದನ್ನು ಹಾಗೇ ಬಿಟ್ಟಿದ್ದಳು.

ಚಳಿಯ ಊರಿನಲ್ಲಿ ಗಾಡಿ ಓಡಿಸುವವರೇ, ಇಂದೇ ಹೊರಗೆ ಹೋಗಿ ನಿಮ್ಮ ಟೈರಿನ ಪಕ್ಕೆ ಓದಿ. 'ಎಂ-ಎಸ್' ಅಕ್ಷರವೂ ಇಲ್ಲ, ಬೆಟ್ಟದ ಗುರುತೂ ಇಲ್ಲ ಎಂದರೆ ಅದು ಬೇಸಿಗೆ ಟೈರು. ವೇಗದ ಕಾರುಗಳಿಗೆ ಹೆಚ್ಚಾಗಿ ಅದೇ ಇರುತ್ತದೆ. ತಾಪಮಾನ ಸುಮಾರು ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಮೊದಲೇ ಬದಲಾಯಿಸಿ, ನಾಲ್ಕನ್ನೂ. ಹಿಮ ಹೆಚ್ಚು ಬೀಳುವ ಕಡೆ ಬೆಟ್ಟ ಮತ್ತು ಹರಳಿನ ಗುರುತು ಇಲ್ಲದ ಸರ್ವಋತು ಟೈರನ್ನು ನಂಬಬೇಡಿ. ಚಳಿಗೆ ಟೈರಿನ ಗಾಳಿ ಕುಗ್ಗುತ್ತದೆ, ತಿಂಗಳಿಗೊಮ್ಮೆ ಅಳತೆ ಮಾಡಿಸಿ. ರಸ್ತೆ ಗಾಜಿನಂತೆ ಹೆಪ್ಪುಗಟ್ಟಿದ ದಿನ ಸರ್ವಋತು ಟೈರಿನ ಭರವಸೆಯ ಮೇಲೆ ಹೊರಡಬೇಡಿ. ಆಸ್ಪತ್ರೆಗೆ ಹೋಗಲೇಬೇಕಿದ್ದರೆ ಮೊದಲು ಅಲ್ಲಿಗೆ ಫೋನ್ ಮಾಡಿ, ನೆರೆಯವರನ್ನು ಕೇಳಿ. ಅವರು ಮೂರನೆಯ ಸಲ ಕೇಳಲಿ ಎಂದು ಕಾಯಬೇಡಿ.

ಪಕ್ಕದ ಸೀಟಿನಲ್ಲಿ ಕೂತವರ ಕೈ ಎಲ್ಲಿದೆ ಎಂದೂ ಒಮ್ಮೆ ನೋಡಿ. ಬಾಗಿಲ ಹಿಡಿಯ ಮೇಲಿದ್ದರೆ, ಅವರು ಏನು ಹೇಳುತ್ತಿಲ್ಲವೋ ಅದನ್ನು ಕೇಳಿ.