ಮೂರನೇ ಆಲ್ಬಮ್ಮಿಗೆ ಎಷ್ಟನೇ ನಂಬರು

“ಮೂರನೇದಕ್ಕ ನಾಲ್ಕನೇ ನಂಬರು ಕೊಡಾದೂ ಜಾಸ್ತಿನಾ ಆತು,” ಎಂದ ರಂಗನಾಥ್. “ಐದನೇ ಆಲ್ಬಂ ಇನ್ನಾ ಬಂದಿಲ್ಲಲ್ಲ, ಅದಕ್ಕ ನಾಲ್ಕು.”

ಶೆಡ್ಡಿನಲ್ಲಿದ್ದ ಹತ್ತು ಹನ್ನೆರಡು ಮಂದಿ ನಕ್ಕರು. ಲಲಿತಾ ನಗಲಿಲ್ಲ. ಕರೆಂಟು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ರಾಯದುರ್ಗದ ಜೀನ್ಸ್ ಶೆಡ್ಡುಗಳಲ್ಲಿ ಕರೆಂಟು ಇರುವಷ್ಟು ಹೊತ್ತು ಪಕ್ಕದವನು ಕೂಗಿಕೊಂಡರೂ ಕೇಳುವುದಿಲ್ಲ. ಅದು ಹೋದಾಗಲೇ ಪ್ರತಿಯೊಬ್ಬನ ಹೊಟ್ಟೆಯಲ್ಲೂ ಒಂದೊಂದು ಅಭಿಪ್ರಾಯ ಇದೆ ಅನ್ನುವುದು ಗೊತ್ತಾಗುವುದು.

ಅಂದಿನ ಅಭಿಪ್ರಾಯಗಳೆಲ್ಲ ಕರಿಬಂಡೆಯ ಮೇಲೆ. ಕರಿಬಂಡೆ ಅಂದರೆ ಬಳ್ಳಾರಿಯ ನಾಲ್ಕು ಹುಡುಗರ ರಾಕ್ ಬ್ಯಾಂಡು. ಬೆಂಗಳೂರಿನ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಇವರನ್ನು ಕೇಳುವವರಿಲ್ಲ, ಆದರೆ ಗುಮ್ಮಘಟ್ಟದ ಶೇರ್ ಆಟೋಗಳಲ್ಲಿ ಇವರ ಹಾಡು ಹಾಕದೆ ಗೇರು ಬೀಳುವುದಿಲ್ಲ. ಇದುವರೆಗೆ ನಾಲ್ಕು ಆಲ್ಬಂ ಮಾಡಿದ್ದರು: ಅದಿರು, ಗಡಿಕಲ್ಲು, ಮೂರನೇ ಶಿಫ್ಟ್, ಸುಮ್ನೆ. ಬರುವ ಭಾನುವಾರ ಬಳ್ಳಾರಿಯಲ್ಲಿ ಕಾರ್ಯಕ್ರಮ. ಪ್ರತಿ ಊರಿನ ಅಭಿಮಾನಿ ಬಳಗವೂ ನಾಲ್ಕಕ್ಕೂ ನಂಬರು ಹಾಕಿ ಕಳಿಸಬೇಕು, ಗೆದ್ದ ಆಲ್ಬಮ್ಮನ್ನು ಪೂರ್ತಿ ನುಡಿಸುತ್ತೇವೆ ಎಂದು ಅವರು ಹೇಳಿದ್ದರು. ಬೇರೆ ಊರುಗಳ ಪಟ್ಟಿ ಹೋಗಿಯಾಗಿತ್ತು. ಅದಿರು ಮತ್ತು ಮೂರನೇ ಶಿಫ್ಟ್ ಸಮಸಮ ನಿಂತಿದ್ದವು. ರಾಯದುರ್ಗದ್ದೊಂದೇ ಬಾಕಿ, ಸಂಜೆ ಐದರವರೆಗೆ ಗಡುವು. ರಾಯದುರ್ಗದ ಬಳಗ ಅಂದರೆ ಈ ಶೆಡ್ಡು, ಬಳಗದ ಅಡ್ಮಿನ್ ಅಂದರೆ ಜಿಪ್ ಕೂರಿಸುವ ರಂಗನಾಥ್.

ಬೆಳಿಗ್ಗೆ ಏಳಕ್ಕೇ ಲಲಿತಾಳಿಗೆ ತಮ್ಮನ ಫೋನು ಬಂದಿತ್ತು. “ಅಕ್ಕಾ, ಮೂರನೇದು ಗೆದ್ರೆ ನನ್ನ ಕರುಸ್ಕೊಂತಾರಂತೆ. ಇಲ್ಲಾಂದ್ರೆ ಇಲ್ಲ. ನಿಮ್ಮೋರು ಏನ್ ಹಾಕ್ತಾರೆ?” ಅಂದಿದ್ದ ಯುವರಾಜ್. ಮೂರನೇ ಶಿಫ್ಟ್‌ನಲ್ಲಿ ಸಾವಿನ ಮೆರವಣಿಗೆಯಲ್ಲಿ ಬಾರಿಸುವ ಎರಡು ಮುಖದ ಉರುಮೆಯನ್ನು ನುಡಿಸಿದವನು ಅವನೇ. ಆ ಒಂದು ಆಲ್ಬಮ್ಮಿಗೆ ಮಡಕಶಿರಾದ ಹತ್ತಿರದ ಹಳ್ಳಿಯಿಂದ ಕರೆದುಕೊಂಡು ಹೋಗಿದ್ದರು, ಆಮೇಲೆ ಮರೆತರು. ಈಗ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಡಬ್ಬಕ್ಕೆ ಅಂಗಿ ತುಂಬಿ ಟೇಪು ಹಚ್ಚುತ್ತಾನೆ. ನಾಲ್ಕು ವರ್ಷದಿಂದ ಉರುಮೆ ಮುಟ್ಟಿಲ್ಲ.

ಇದನ್ನು ಶೆಡ್ಡಿನಲ್ಲಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು ಅನ್ನಬಹುದು. ಮುಗಿಯುತ್ತಿತ್ತು ನಿಜ, ಆದರೆ ಅವಳದ್ದೂ ಮುಗಿಯುತ್ತಿತ್ತು. ಉರುಮೆ ಬಾರಿಸುವವರು ಯಾವ ಕೇರಿಯವರು ಎಂದು ಈ ಸೀಮೆಯಲ್ಲಿ ಎರಡು ವರ್ಷದ ಕೂಸಿಗೂ ಗೊತ್ತು. ಹತ್ತು ವರ್ಷ ಬೆಂಗಳೂರಿನಲ್ಲಿ ಹೊಲಿದು, ಎರಡು ವರ್ಷದ ಹಿಂದೆ ಅವಳು ರಾಯದುರ್ಗಕ್ಕೆ ಬಂದಾಗ ಮೂರು ಕಡೆ ಬಾಡಿಗೆ ಮನೆ ತಪ್ಪಿತ್ತು. ನಾಲ್ಕನೆಯವಳು ಇದೇ ಶೆಡ್ಡಿನಲ್ಲಿ ನೂಲು ಕತ್ತರಿಸುವ ದುರುಗಕ್ಕ. “ಯಾವ ಮಂದಿಯವ್ವ ನೀವು?” ಎಂದು ಕೇಳಿದ್ದಕ್ಕೆ “ಕಳ್ಳೆಕಾಯಿ ಬೆಳಿಯೋರು” ಎಂದಿದ್ದಳು. ಸುಳ್ಳೇನಲ್ಲ, ಅಪ್ಪನಿಗೆ ಮುಕ್ಕಾಲು ಎಕರೆ ಇತ್ತು. ದುರುಗಕ್ಕ ಅಷ್ಟಕ್ಕೇ ಒಪ್ಪಿ ಹಿಂದಿನ ಕೋಣೆ ಕೊಟ್ಟಳು. ಜ್ವರ ಬಂದಾಗ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದಳು.

“ಮೂರನೇದ್ರಾಗಿನ ನಾಕನೇ ಹಾಡು ಪೂರ್ತಿ ಕೇಳಿದೀಯೇನಪ್ಪ?” ಎಂದಳು ಲಲಿತಾ. “ನಡುಮಧ್ಯದಾಗೆ ಒಂದು ಗೂಂಕಾರ ಬತ್ತೈತಲ್ಲ, ಅಂಥದ್ದು ನಿನ್ನ ಅದಿರ್ನಾಗೆ ಒಂದು ಕಡೆ ತೋರ್ಸು ನೋಡಾನ.”

“ಕೇಳೀನಿ ಬಿಡ್ರಿ ಲಲಿತಕ್ಕ. ಅದು ಕಂಪ್ಯೂಟರ್‌ನಾಗ ಮಾಡಿದ್ದು. ಬಟನ್ ಒತ್ತಿದ್ರ ಎಮ್ಮಿ ಒದರಿದಂಗನೂ ಬರ್ತೈತಿ. ಅದನ್ನ ಬಿಟ್ರ ಉಳಿದಿದ್ದೇನ್ರಿ? ಡಬ ಡಬ, ಡಬ ಡಬ. ಹೆಣದ ಮುಂದ ಬಾರಿಸ್ದಂಗ. ರಾಕ್ ಕೇಳಾಕ ಹೋದೋನು ಹೆಣ ಹೊರಬೇಕೇನು?”

ಮತ್ತೆ ನಗು. ರಂಗನಾಥ್‌ಗೆ ನಗಿಸುವುದು ಗೊತ್ತು, ನಗು ಬಂದ ಮೇಲೆ ನಿಲ್ಲಿಸುವುದು ಗೊತ್ತಿಲ್ಲ. “ಅದಿರು ಅಂದ್ರ ಅದಿರು. ಅದು ಬಂದಾಗ ನಮ್ಮಪ್ಪ ಓಬಳಾಪುರದಾಗ ಲಾರಿ ಹೊಡಿತಿದ್ದ. ಈಗ್ಲೂ ಆ ಗಿಟಾರು ಕೇಳಿದ್ರ ನಮ್ಮಪ್ಪ ಲಾರಿ ತಗೊಂಡು ಮನಿಗೆ ಬಂದಂಗ ಆಗ್ತೈತಿ. ಆ ಡಬ ಡಬ ಕೇಳಿದ್ರ ಯಾರು ಬರ್ತಾರ? ಮಣ್ಣಿಗೆ ಹೋಗೋರು.”

ಲಲಿತಾಳ ಅಪ್ಪ ಮೂವತ್ತು ವರ್ಷ ಉರುಮೆ ಬಾರಿಸುತ್ತ ಮಣ್ಣಿಗೆ ಹೋಗುವವರ ಮುಂದೆಯೇ ನಡೆದಿದ್ದ. ಊರಿನ ಯಾವ ಸಾವೂ ಅವನಿಲ್ಲದೆ ಮನೆ ಬಿಟ್ಟು ಹೊರಟದ್ದಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನಿಮ್ಮಪ್ಪ ಲಾರಿ ಹೊಡೆದ್ರೆ ಅದು ಹಾಡು, ಇನ್ನೊಬ್ರಪ್ಪ ಬಾರಿಸಿದ್ರೆ ಡಬ ಡಬನಾ?”

“ನಮ್ಮಪ್ಪನ ಸುದ್ದಿ ನಿನಗ್ಯಾಕ?”

ಎರಡು ವರ್ಷದಿಂದ ‘ಲಲಿತಕ್ಕ, ಬರ್ರಿ, ಕುಂದ್ರಿ’ ಎನ್ನುತ್ತಿದ್ದವನು ಒಂದೇ ಮಾತಿನಲ್ಲಿ ಅಕ್ಕನನ್ನೂ ಮರ್ಯಾದೆಯನ್ನೂ ಬಿಟ್ಟಿದ್ದು ಎಲ್ಲರ ಕಿವಿಗೂ ಬಿತ್ತು. ದುರುಗಕ್ಕ ಕತ್ತರಿ ಆಡಿಸುತ್ತಲೇ, “ಏ ರಂಗ, ಹೆಣ್ಮಕ್ಕಳ ಹತ್ರ ಹಂಗ ಮಾತಾಡ್ಬ್ಯಾಡ,” ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಫೋನು ತೆಗೆದು ಪಟ್ಟಿ ಬರೆಯತೊಡಗಿದ. ಒಂದು, ಅದಿರು.

“ಅದು ಕಂಪ್ಯೂಟರ್ ಅಲ್ಲ,” ಎಂದಳು ಲಲಿತಾ. “ಮನುಷ್ಯನ ಕೈ ಅದು.”

“ಮನಷ್ಯಾನ ಕೈಲೆ ಆ ಸದ್ದು ಬರ್ತೈತಿ ಅಂತ ನನಗ ತೋರ್ಸು, ಈಗಿಂದೀಗ ನಿನ್ನ ಮೂರನೇದಕ್ಕ ಒಂದನೇ ನಂಬರ್ ಹಾಕಿ ಕಳಿಸ್ತೀನಿ. ದುರುಗಕ್ಕನ ಮುಂದ ಹೇಳಾಕತ್ತೀನಿ. ತೋರ್ಸಾಕ ಆಗ್ಲಿಲ್ಲ ಅಂದ್ರ ಬಾಯಿ ಮುಚ್ಕೊಂಡು ಪ್ಯಾಂಟಿಗೆ ಬೆಲ್ಟ್ ಹೊಲಿ.”

ಗಡಿಯಾರದಲ್ಲಿ ನಾಲ್ಕೂ ನಲವತ್ತು. ತಮ್ಮ ಬೆಂಗಳೂರಿನಲ್ಲಿ ಡಬ್ಬಗಳ ನಡುವೆ ಫೋನು ನೋಡುತ್ತ ನಿಂತಿರುತ್ತಾನೆ. ಸದ್ದು ತಾನೇ, ಸದ್ದಷ್ಟೇ ತೋರಿಸಿದರೆ ಆಯಿತು, ಯಾರು ಬಾರಿಸಿದ್ದೆಂದು ಹೇಳಬೇಕಾಗಿಲ್ಲವಲ್ಲ ಎಂದುಕೊಂಡಳು. ಅಲ್ಲೇ ಅವಳು ಎಡವಿದ್ದು.

ನೂಲಿನ ಉಂಡೆಗಳು ಬರುವ ದಪ್ಪ ಪ್ಲಾಸ್ಟಿಕ್ಕನ್ನು ಖಾಲಿ ಬಕೆಟ್ಟಿನ ಬಾಯಿಗೆ ಎಳೆದು, ಎಲಾಸ್ಟಿಕ್ ಪಟ್ಟಿಯಿಂದ ಮೂರು ಸುತ್ತು ಬಿಗಿದಳು. ನೆಲದ ಮೇಲೆ ಕುಳಿತು ಬಕೆಟ್ಟನ್ನು ತೊಡೆಗಳ ನಡುವೆ ಅಡ್ಡ ಹಿಡಿದಳು. ಎಡಗೈಯ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಪ್ಲಾಸ್ಟಿಕ್ಕಿನ ಮೇಲೆ ಒತ್ತಿ ಎಳೆದಳು. ಮೊದಲ ಸಲ ಕಿರ್ ಎಂದಿತು. ಯಾರೋ ಕಿಸಕ್ಕೆಂದರು. ಎರಡನೆಯ ಸಲ ಹೊಟ್ಟೆಯೊಳಗಿಂದ ಎದ್ದು ಬಂದಂತೆ ಗೂಂ ಎಂದಿತು. ತಗಡಿನ ಮಾಡಿಗೆ ತಾಗಿ ಶೆಡ್ಡೆಲ್ಲ ತುಂಬಿತು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಎಡಗೈ ಎಳೆದರೆ ಬಲಗೈ ಸುಮ್ಮನಿರುವುದಿಲ್ಲ. ಹೆಣ್ಣುಮಗಳು ಬಾರಿಸಬಾರದು ಎಂದು ಅವ್ವ ಬೈಯುತ್ತಿದ್ದರೂ, ಅಪ್ಪ ಹಿತ್ತಲಲ್ಲಿ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಕಲಿಸಿದ್ದ. ಬಲಗೈ ತಾನಾಗಿ ಬಕೆಟ್ಟಿನ ತಳಕ್ಕೆ ಪೆಟ್ಟು ಹಾಕಿತು. ಬಾಗಿಲಿನಿಂದ ಹೆಣ ಹೊರಡುವಾಗಿನ ಪೆಟ್ಟು, ಓಣಿ ತಿರುಗುವಾಗಿನದು, ಇಳಿಸಿ ದಿಕ್ಕು ಬದಲಿಸುವಾಗಿನದು, ಒಂದೂ ತಪ್ಪದೆ ಸಾಲಾಗಿ ಬಂದವು. ಅವಳ ತಲೆ ತಗ್ಗಿತ್ತು, ಕಣ್ಣು ಮುಚ್ಚಿತ್ತು. ರಂಗನಾಥ್ ಫೋನಿನಲ್ಲಿ ಆ ನಾಲ್ಕನೇ ಹಾಡು ಹಚ್ಚಿ ಕಿವಿಗೆ ಹಿಡಿದ, ಆಮೇಲೆ ತೆಗೆದ.

“ಅದಾ ಸದ್ದು,” ಎಂದ ಮೆಲ್ಲಗೆ.

ಲಲಿತಾ ಕಣ್ಣು ಬಿಟ್ಟಾಗ ದುರುಗಕ್ಕನ ಕತ್ತರಿ ನಿಂತಿತ್ತು.

“ಇದನ್ನ ಎಲ್ಲಿ ಕಲ್ತಿ?” ಎಂದಳು ದುರುಗಕ್ಕ.

“ಬೆಂಗ್ಳೂರ್ನಾಗೆ...”

“ಗಾರ್ಮೆಂಟ್ಸ್‌ನಾಗ ಹೆಣದ ಮುಂದ ಬಾರಿಸೋದು ಕಲಿಸ್ತಾರೇನು?” ಎಂದ ರಂಗನಾಥ್. ಈ ಸಲ ಅವನು ಯಾರನ್ನೂ ನಗಿಸಲು ನೋಡುತ್ತಿರಲಿಲ್ಲ. “ಓಣಿ ತಿರುಗಾ ಪೆಟ್ಟೂ ಬಿಡ್ಲಿಲ್ಲಲ್ಲ ನೀನು.”

ಲಲಿತಾ ಬಕೆಟ್ಟನ್ನು ಪಕ್ಕಕ್ಕಿಟ್ಟಳು. ಇನ್ನು ಮುಚ್ಚಿಟ್ಟು ಉಳಿಯುವುದೇನೂ ಇರಲಿಲ್ಲ. ಅಪ್ಪನ ಎದುರೇ ಅವನ ಹೆಸರು ನುಂಗಿದ ಹಾಗೆ ನಾಚಿಕೆಯಾಯಿತು, ಆ ನಾಚಿಕೆಯ ಮೇಲೆ ಸಿಟ್ಟೂ ಬಂತು.

“ನಮ್ಮಪ್ಪನ ಹತ್ರ ಕಲ್ತೆ. ಆ ಆಲ್ಬಮ್ಮಿನಾಗೆ ಬಾರ್ಸಿರೋನು ನನ್ನ ತಮ್ಮ ಯುವರಾಜ. ಮಾತು ಕೊಟ್ಟಿದೀಯ, ಕಳ್ಸು.”

ರಂಗನಾಥ್ ಅವಳ ಮುಖ ನೋಡಲಿಲ್ಲ. “ಮೊದಲಾ ಹೇಳಿದ್ರ ನಾನು ಮಾತ ಕೊಡ್ತಿದ್ದಿಲ್ಲ,” ಎಂದ. ಆದರೂ ಹನ್ನೆರಡು ಜನರ ಮುಂದೆ ಆಡಿದ ಮಾತು. ‘ಒಂದು, ಅದಿರು’ ಅಳಿಸಿ, ‘ಒಂದು, ಮೂರನೇ ಶಿಫ್ಟ್’ ಎಂದು ಒತ್ತಿ ಕಳಿಸಿದ. ಫೋನನ್ನು ಜೇಬಿಗೆ ಹಾಕಿಕೊಂಡು ತನ್ನ ಸ್ಟೂಲನ್ನು ಒಂದು ಮೊಳ ಆಚೆಗೆ ಎಳೆದುಕೊಂಡ. ಕರೆಂಟು ಬಂತು. ಹನ್ನೆರಡು ಮಿಷನ್ನುಗಳು ಒಟ್ಟಿಗೆ ಶುರುವಾದವು, ಯಾರೂ ಏನೂ ಮಾತಾಡಬೇಕಾಗಿ ಬರಲಿಲ್ಲ.

ದಿನಾ ಸಂಜೆ ದುರುಗಕ್ಕ ಮತ್ತು ಲಲಿತಾ ಜೊತೆಯಲ್ಲೇ ಮನೆಗೆ ಹೋಗುತ್ತಿದ್ದರು. ಅಂದು ದುರುಗಕ್ಕ ಬಂಡಲ್ ಮುಗಿಸದೆಯೇ ಮುಂದೆ ಹೊರಟುಹೋಗಿದ್ದಳು. ಲಲಿತಾ ಒಬ್ಬಳೇ ನಡೆದು ಬಂದು, ಕೋಣೆಯ ಬೀಗ ತೆಗೆದು, ಬಿಂದಿಗೆ ಹಿಡಿದು ನೀರಿಗೆ ಹೋದಳು. ಎರಡು ವರ್ಷದಿಂದ ಅವಳು ದುರುಗಕ್ಕನ ನಡುಮನೆ ದಾಟಿ, ಅಲ್ಲಿದ್ದ ದೊಡ್ಡ ಡ್ರಮ್ಮಿಗೆ ತಾನೇ ಚೊಂಬು ಅದ್ದಿ ತುಂಬಿಕೊಳ್ಳುತ್ತಿದ್ದಳು.

ದುರುಗಕ್ಕ ಹೊಸ್ತಿಲ ಒಳಗೆ ನಿಂತಿದ್ದಳು. ಅತ್ತಿದ್ದಳೋ ಏನೋ, ಕಣ್ಣು ಕೆಂಪಗಿತ್ತು.

“ಅಲ್ಲೇ ಇಡವ್ವ,” ಎಂದಳು. “ನಾನಾ ಹಾಕ್ತೀನಿ.”

ಲಲಿತಾ ಬಿಂದಿಗೆಯನ್ನು ಮೆಟ್ಟಿಲ ಕೆಳಗಿಟ್ಟಳು. ಹೊರಟುಬಿಡಬೇಕು ಅನ್ನಿಸಿತು. ಆದರೆ ರಾತ್ರಿಗೆ ನೀರು ಬೇಕು, ಈ ಓಣಿಯಲ್ಲಿ ಬೇರೆಲ್ಲೂ ನೀರು ಸಿಗುವುದಿಲ್ಲ. ದುರುಗಕ್ಕ ಚೊಂಬನ್ನು ಎದೆಯೆತ್ತರಕ್ಕೆ ಎತ್ತಿ, ಬಿಂದಿಗೆಗೆ ಎಲ್ಲೂ ತಾಗದ ಹಾಗೆ ಮೇಲಿನಿಂದ ಸುರಿದಳು. ಅರ್ಧ ಒಳಗೆ ಬಿತ್ತು, ಅರ್ಧ ಲಲಿತಾಳ ಕಾಲ ಮೇಲೆ ಚಿಮ್ಮಿತು.

ಸೆರಗಿನಲ್ಲಿದ್ದ ಫೋನು ಬಡಿದುಕೊಂಡಿತು.

“ಅಕ್ಕಾ, ಕರೆದ್ರು ಕಣಕ್ಕಾ. ಭಾನುವಾರ ಬಾ ಅಂದ್ರು. ಇಡೀ ಆಲ್ಬಂ ಅಂತೆ, ಆರೂ ಹಾಡು. ನೀನೂ ಬತ್ತೀಯ ತಾನೆ? ಅಕ್ಕಾ? ಕೇಳ್ತೈತಾ? ಏನೋ ಸದ್ದು ಬತ್ತೈತಲ್ಲ ಅಲ್ಲಿ?”

“ನೀರು ಹಿಡೀತಿದೀನಿ,” ಎಂದಳು ಲಲಿತಾ. “ಮಾತಾಡು, ಕೇಳ್ತೈತೆ.”

ದುರುಗಕ್ಕ ಮತ್ತೊಂದು ಚೊಂಬು ಎತ್ತಿದಳು.