ಮೂರು ತೋಳಿನ ದೇವದೂತ

ಫ್ಲಾರೆನ್ಸಿನ ಚಿತ್ರಸಂಗ್ರಹದ ಅಂಗಳದಲ್ಲಿ ಎರ್ಸೀಲಿಯಾ ಮುನ್ನೂರು ವರ್ಷ ಹಳೆಯ ರೇಖಾಚಿತ್ರವೊಂದರ ಫೋಟೋ ತೆಗೆದಿದ್ದಳು. ಬರೆದವನು ದೇವದೂತನ ಒಂದೇ ತೋಳನ್ನು ಮೂರು ಬಗೆಯಾಗಿ ಬರೆದು ನೋಡಿದ್ದ. ಆ ಕಾಲದಲ್ಲಿ ಫೋಟೋ ಮೊದಲು ಗಾಜಿನ ಮೇಲೆ ಮೂಡಿ, ಆಮೇಲೆ ಬಿಸಿಲಿನಲ್ಲಿ ಕಾಗದಕ್ಕೆ ಇಳಿಯುತ್ತಿತ್ತು. ಆ ಗಾಜಿನಲ್ಲಿ ಮೂರೂ ತೋಳು ಮೂಡಿದ್ದವು.

ಸಂಗ್ರಹದ ಮೇಲಧಿಕಾರಿ ಫಲ್ಕೀನಿ ಸಿಡಿಮಿಡಿಗೊಂಡ. “ಈ ಚಿತ್ರಾನ ತಾಮ್ರದಲ್ಲಿ ಕೆತ್ತಿ ಅಚ್ಚು ಹಾಕೋರು ಇಷ್ಟು ದಿನ ಒಂದೇ ತೋಳು ಇಡ್ತಿದ್ರು. ಅಂಥಾ ದೊಡ್ಡ ಕಲಾವಿದ ತಡಕಾಡಿದ್ದು ಊರಿಗೆಲ್ಲ ಯಾಕಮ್ಮ ಗೊತ್ತಾಗ್ಬೇಕು? ಗಾಜಿನ ಮೇಲೆ ಎರಡು ತೋಳಿಗೆ ಮಸಿ ಬಳಿ, ಕಾಗದಕ್ಕೆ ಇಳಿಯಲ್ಲ.”

“ನಾನು ಬಳಿಯಲ್ಲ.” ಎರ್ಸೀಲಿಯಾ ಮಸಿಯಲ್ಲಿ ಅದ್ದಿದ ಕುಂಚವನ್ನು ಅವನ ಕೈಗೇ ತುರುಕಿದಳು. “ನೀವೇ ಬಳೀರಿ ಸಿನ್ಯೋರ್. ಆದ್ರೆ ಕೆಳಗೆ ನಿಮ್ಮ ಹೆಸರೂ ಬರೀರಿ. ಅಂಥವನನ್ನ ತಿದ್ದಿದ ಮೇಷ್ಟ್ರು ಯಾರು ಅಂತ ಊರಿಗೆಲ್ಲ ಗೊತ್ತಾಗ್ಲಿ.”

ಕುಂಚ ಅವನ ಕೈಯಲ್ಲೇ ಒಣಗಿತು. ಅವಳು ಗಾಜನ್ನು ಕಾಗದದ ಮೇಲಿಟ್ಟು ಅಂಗಳದ ನಡುವೆ ಇಟ್ಟಳು. ಬಿಸಿಲು ಯಾರ ಅಪ್ಪಣೆಗೂ ಕಾಯದೆ ಮೂರು ತೋಳನ್ನೂ ಬರೆಯಿತು.