ಉಡಿಯ ಜೋಳ

ಕುಬೇರಪ್ಪನವರ ಹೊಲದಲ್ಲಿ ಬಿತ್ತಿಗೆಯ ದಿನ ಕೂಲಿಯವರಲ್ಲಿ ಬಸುರಿ ಹೆಂಗಸು ಯಾರಾದರೂ ಇದ್ದರೆ, ಕೂರಿಗೆ ಹೂಡುವ ಮೊದಲು ಆಕೆಗೆ ಉಡಿ ತುಂಬಬೇಕು. ಭೂಮಿಗೆ ಹಾಕುವ ಬೀಜವೇ ಆಕೆಯ ಉಡಿಗೂ. ಬಿತ್ತಿ ಉಳಿದದ್ದೂ ಆಕೆಯದೇ. ಅದನ್ನು ಆಕೆಯೊಬ್ಬಳೇ ಉಣ್ಣಬೇಕು. ಹಂಚಿಕೊಂಡರೆ ಕೂಸಿನ ಪಾಲು ಹಂಚಿಹೋಗುತ್ತದೆ ಎಂಬುದು ಆ ಮನೆಯ ನಂಬಿಕೆ.

ಎಪ್ಪತ್ತೆಂಟನೆಯ ಇಸವಿಯ ಮುಂಗಾರಿನಲ್ಲಿ ಉಡಿ ಒಡ್ಡಿದವಳು ಅಡಿವೆವ್ವ. ಶಿಗ್ಗಾಂವದ ಹೊರಗೆ, ಸವಣೂರ ದಾರಿಯ ಆ ಹೊಲದಲ್ಲಿ ಅವಳೂ ಗಂಡ ಹೂವಪ್ಪನೂ ಮದುವೆಯಾದಾಗಿನಿಂದ ದುಡಿಯುತ್ತಿದ್ದರು. ಅವಳದು ಚೊಚ್ಚಲ ಬಸುರು. ಕುಬೇರಪ್ಪನವರ ಹೆಂಡತಿ ಸರೋಜವ್ವನಿಗೆ ಮಕ್ಕಳಿರಲಿಲ್ಲ. ಅವರು ಬೊಗಸೆ ಬೊಗಸೆ ತುಂಬಿ ಹಾಕಿದರು. ಸೆರಗು ಭಾರಕ್ಕೆ ಜಗ್ಗಿತು.

"ಸಾಕ್ರಿ ಅವ್ವಾರ, ಹೊಟ್ಟಿ ಮ್ಯಾಲ ಇನ್ನೊಂದು ಹೊಟ್ಟಿ ಆತು," ಎಂದಳು ಅಡಿವೆವ್ವ.

"ಆಗ್ಲಿ ಬಿಡ. ಅವಳಿ ಹಡದ್ರ ಒಂದು ನನಗ ಕೊಡು."

ಹೆಂಗಸರೆಲ್ಲ ನಕ್ಕರು.

ಹಿಂದಿನ ವರ್ಷಗಳಲ್ಲಿ ಅದು ಮನೆಯದೇ ಜೋಳ. ಆ ವರ್ಷ ಮಾತ್ರ ಹೈಬ್ರಿಡ್ ಬೀಜ, ಪೇಟೆಯಿಂದ ಚೀಲದಲ್ಲಿ ಬಂದದ್ದು. ತೆನೆಗೆ ಕಾಡಿಗೆ ರೋಗ ಬರದಿರಲೆಂದು ಕಾಳಿಗೆ ಗುಲಾಬಿ ಬಣ್ಣದ ಪುಡಿ ಹಚ್ಚಿದ್ದರು. ಚೆನ್ನಾಗಿ ತೊಳೆದು ಬಳಸು ಎಂದು ಹೇಳಿಯೇ ಸರೋಜವ್ವ ಉಳಿದ ಚೀಲವನ್ನೂ ಕಳಿಸಿದ್ದರು. ಅಡಿವೆವ್ವ ತೊಳೆದಳು. ನೀರು ಮೊದಲು ಕೆಂಪಾಯಿತು, ತೊಳೆಯುತ್ತ ತೊಳೆಯುತ್ತ ತಿಳಿಯಾಯಿತು. ಆದರೂ ಅನುಮಾನ ಹೋಗದೆ ಒಂದು ಹಿಡಿ ಕಾಳನ್ನು ಕೋಳಿಗೆ ಚೆಲ್ಲಿದಳು. ಮರುದಿನವೂ ಕೋಳಿ ತಿಪ್ಪೆ ಕೆದರುತ್ತ ಓಡಾಡಿತು. ಇನ್ನೇನು ಎಂದು ಬೀಸಲು ಕೂತಳು. ರೊಟ್ಟಿ ಬಡಿದಳು, ನುಚ್ಚು ಮಾಡಿದಳು. ಹೂವಪ್ಪ ಆ ರೊಟ್ಟಿಗೆ ಕೈ ಚಾಚಿದರೆ ಕೈಯ ಮೇಲೆ ಹೊಡೆಯುತ್ತಿದ್ದಳು. ಹುಟ್ಟುವ ಮೊದಲೇ ನನ್ನ ಊಟಕ್ಕೆ ಕಲ್ಲು ಹಾಕಿತು ನೋಡು ಎನ್ನುತ್ತ ಅವನು ರೇಷನ್ ಗೋಧಿಯ ಚಪಾತಿ ಮುರಿಯುತ್ತಿದ್ದ.

ಮಳೆಗಾಲ ಮುಗಿಯುವ ಮೊದಲೇ ಅವಳ ತುಟಿ ಜೋಮು ಹಿಡಿಯಿತು. ಆಮೇಲೆ ಬೆರಳ ತುದಿಗಳು. ಬಸಿರಿನಲ್ಲಿ ಹೀಗೆಲ್ಲ ಆಗುತ್ತದೆ ಎಂದರು ಹಿರಿಯರು. ಹೆರಿಗೆಗೆಂದು ತವರು ಮಾಸೂರಿಗೆ ಹೋದಾಗ, ಬಸ್ಸಿಳಿದು ಬರುತ್ತಿದ್ದ ಮಗಳನ್ನು ನೋಡಿ ತಾಯಿ ಗುತ್ತೆವ್ವ ನಿಂತಲ್ಲೇ ನಿಂತಳು. ಒಣ ನೆಲದ ಮೇಲೂ ಅಡಿವೆವ್ವ ಕೆಸರಿನಲ್ಲಿ ಕಾಲಿಡುವವಳಂತೆ ನಡೆಯುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು. ನೋಡಲು ಏನೂ ಕುಂದಿರಲಿಲ್ಲ. ಗುತ್ತೆವ್ವ ಎರೆದು, ಲೋಬಾನದ ಹೊಗೆ ಹಾಕಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮೊಮ್ಮಗಳನ್ನು ಮಗಳ ತೊಡೆಗೆ ಹಾಕಿದಳು. ಅಡಿವೆವ್ವ ಕೂಸಿನ ಹಣೆಯ ಮೇಲೆ ಬೆರಳಾಡಿಸಿದಳು. ಏನೂ ತಿಳಿಯಲಿಲ್ಲ. ಬೆರಳ ತುದಿಯಲ್ಲಿ ಕೂಸು ಇರಲೇ ಇಲ್ಲ. ಆಗ ಬಾಗಿ ತನ್ನ ಕೆನ್ನೆಯನ್ನು ಅದರ ಹಣೆಗೆ ಒತ್ತಿದಳು. ಅಲ್ಲಿ ಇತ್ತು. ಬೆಚ್ಚಗೆ, ಮೆತ್ತಗೆ, ಸಣ್ಣಗೆ ಮಿಡಿಯುತ್ತ. ಅಂದಿನಿಂದ ಮಗಳನ್ನು ಕೆನ್ನೆಯಿಂದಲೇ ಮುಟ್ಟಿದಳು.

ಒಂದು ಮುಂಜಾನೆ ಗುತ್ತೆವ್ವನ ಸೊಂಟದಿಂದ ತಾಮ್ರದ ಕೊಡ ಜಾರಿ ಬಿತ್ತು. ಆ ಸದ್ದಿಗೆ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. ಕೂಸು ಎಚ್ಚರವಿತ್ತು, ರೆಪ್ಪೆ ಸಹ ಅಲುಗಲಿಲ್ಲ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಗುತ್ತೆವ್ವ ಕೊಡವನ್ನು ಎತ್ತಿ, ಬೇಕೆಂದೇ, ಮತ್ತೊಮ್ಮೆ ಕೆಡವಿದಳು. ಕೂಸು ಸೂರಿನ ಕಡೆ ನೋಡುತ್ತಲೇ ಇತ್ತು.

ಹೂವಪ್ಪ ಬಂದು ಇಬ್ಬರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೊರಟ. ಶಿಗ್ಗಾಂವದಲ್ಲಿ ಸರೋಜವ್ವನೂ ಬಸ್ಸು ಹತ್ತಿ, ಕೂಸನ್ನು ತಾವೇ ಇಸಿದುಕೊಂಡು ಕೂತರು. ದವಾಖಾನೆಯಲ್ಲಿ ಡಾಕ್ಟರಮ್ಮ ಕೂಸನ್ನು ನೋಡಿದರು, ಅಡಿವೆವ್ವನ ಬೆರಳುಗಳಿಗೆ ಸೂಜಿ ಚುಚ್ಚಿ ನೋಡಿದರು, ಗಂಡ ತಿನ್ನದ್ದು ನೀನು ಏನಾದರೂ ತಿಂದೆಯಾ ಎಂದು ಕೇಳಿದರು. ಅಡಿವೆವ್ವ ಮುಚ್ಚುಮರೆಯಿಲ್ಲದೆ ಹೇಳಿದಳು: ಉಡಿಯ ಜೋಳ, ಗುಲಾಬಿ ಪುಡಿ, ತೊಳೆದದ್ದು, ಕೋಳಿ.

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಜ್ವರ ನೋಡುವ ಗಾಜಿನ ಕಡ್ಡಿಯಲ್ಲಿ ಹೊಳೆಯುತ್ತದಲ್ಲ, ಆ ಪಾದರಸದಿಂದಲೇ ಇಂಥ ಪುಡಿ ಮಾಡುತ್ತಾರೆ. ತೊಳೆದರೆ ಹೋಗುವುದು ಬಣ್ಣ, ವಿಷವಲ್ಲ. ಅದು ತಡವಾಗಿ ಕಾಡುವ ವಿಷ, ಒಂದು ದಿನದಲ್ಲಿ ಕೋಳಿ ಸಾಯುವುದಿಲ್ಲ. ತಾಯಿಯಿಂದ ಹೊಟ್ಟೆಯೊಳಗಿನ ಕೂಸಿಗೆ ಇಳಿಯುತ್ತದೆ, ತಾಯಿಗಿಂತ ಕೂಸಿಗೇ ಹೆಚ್ಚು ತಾಗುತ್ತದೆ. ಕತ್ತು ನಿಲ್ಲುವುದು, ನಡೆಯುವುದು ತಡವಾಗಬಹುದು. ಕಿವಿ ಬರುತ್ತದೆಂದು ಹೇಳಲಾರೆ. ಇದಕ್ಕೆ ನಮ್ಮ ಬಳಿ ಔಷಧಿಯಿಲ್ಲ ಎಂದರು.

ಅಡಿವೆವ್ವ ಕೇಳಿದ್ದು ಒಂದೇ ಮಾತು. "ಹಾಲು ಕುಡಿಸಬೌದೇನ್ರಿ?"

ತವರಿಗೆ ಹೋದಾಗಲೇ ಆ ಕಾಳು ಬಿಟ್ಟೆ, ತಿಂಗಳುಗಳಾದವು, ಇನ್ನು ಕುಡಿಸು ಎಂದರು ಡಾಕ್ಟರಮ್ಮ.

ಹಿಂದಿರುಗುವಾಗ ಸರೋಜವ್ವ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಶಿಗ್ಗಾಂವದಲ್ಲಿ ಕೂಸಿನ ಕಡೆ ನೋಡದೆ ಇಳಿದುಹೋದರು. ಮನೆಯಲ್ಲಿ ಮಿಕ್ಕಿದ್ದ ಜೋಳವನ್ನು ಹೂವಪ್ಪ ತಗ್ಗು ತೋಡಿ ಹೂಳಿದ. ಸರೋಜವ್ವ ಬಾಣಂತಿಗೆಂದು ಅವನ ಕೈಯಲ್ಲಿ ಮಾಸೂರಿಗೆ ತುಪ್ಪ, ಕೊಬ್ಬರಿ, ಅಳವಿಕಾಳು ಕಳಿಸುತ್ತಿದ್ದರು, ತಾವು ಬರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬಂತು. ಸೋದರತ್ತೆ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಕೂಗಬೇಕು, ಆಕೆಯ ಬೆನ್ನಿಗೆ ಉಳಿದವರು ಗುದ್ದಬೇಕು. ಹೂವಪ್ಪನಿಗೆ ಅಕ್ಕತಂಗಿಯರಿಲ್ಲ. ಕೇಳದ ಕಿವಿಯಲ್ಲಿ ಕೂಗಿ ಏನು ಮಾಡುವುದು, ಸುಮ್ಮನೆ ತೂಗಿದರಾಯಿತು ಎಂದಳು ಗುತ್ತೆವ್ವ. ಅಡಿವೆವ್ವ ಒಪ್ಪಲಿಲ್ಲ. ಸರೋಜವ್ವ ಬರಲೇಬೇಕೆಂದು ಗಂಡನ ಕೈಯಲ್ಲಿ ಹೇಳಿಕಳಿಸಿದಳು.

ಅವರು ಬಂದರು. ಬಂದವರು ಹೊಸ್ತಿಲ ಹೊರಗೇ ನಿಂತರು. ಅಡಿವೆವ್ವ ಕೂಸನ್ನೆತ್ತಿಕೊಂಡು ಬಾಗಿಲ ಚೌಕಟ್ಟು ಹಿಡಿಯುತ್ತ ಹೋದಳು.

"ಒಳಗ ಬರ್ರಿ ಅವ್ವಾರ. ಹೆಸರು ನೀವ ಕರೀಬೇಕು."

"ಬ್ಯಾಡವ್ವಾ. ನನ್ನ ಕೈಯಿಂದ ಉಡಿಗಿ ಬಿದ್ದದ್ದು ಸಾಕು. ಬಾಯಿಂದ ಮತ್ತ ಯಾಕ?"

"ನೀವು ತಿಳದು ಹಾಕಿದ್ರೇನು? ನಾ ತಿಳದು ತಿಂದ್ನೇನು?" ಅಡಿವೆವ್ವ ಕೂಸನ್ನು ಅವರ ತೋಳಿಗೆ ದಾಟಿಸಿದಳು. "ಉಡಿ ತುಂಬಿದಾಕಿ ನೀವು. ಈಗ ನೀವೂ ಮಾರಿ ತಿರುವಿದ್ರ ಇದಕ್ಕ ಅತ್ತಿ ಅಂತ ಯಾರದಾರ?"

ಸರೋಜವ್ವ ತೊಟ್ಟಿಲ ಬಳಿ ಕೂತರು. ಕೂಸಿನ ಕಿವಿಗೆ ಬಾಯಿಟ್ಟರು. ಹೊಲದ ಒಡತಿಯ ಬೆನ್ನಿಗೆ ಗುದ್ದಲು ಕೇರಿಯ ಹೆಂಗಸರಾರಿಗೂ ಕೈ ಬರಲಿಲ್ಲ. ಅಡಿವೆವ್ವನೇ ಗುದ್ದಿದಳು. ಜೋಮು ಹಿಡಿದ ಕೈಗೆ ಅಳತೆ ಸಿಗದೆ ಏಟು ಜೋರಾಗಿಯೇ ಬಿತ್ತು.

"ಅಯ್ಯ, ಬೆನ್ನು ಮುರೀತಿ ಏನ?" ಎಂದರು ಸರೋಜವ್ವ. ಕಣ್ಣಲ್ಲಿ ನೀರಿತ್ತು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು.

"ಕುರ್ರ್... ಶಾರವ್ವಾ."

ಕೂಸು ಮುಖ ತಿರುಗಿಸಿತು. ಸರೋಜವ್ವನ ಬಾಯಿಯ ಕಡೆಗೇ, ತುಟಿ ತೆರೆದು, ಹಾಲು ಹುಡುಕುವಂತೆ.

ಕೇಳಿತು, ಕೇಳಿತು ಎಂದಳು ಗುತ್ತೆವ್ವ. ಅಡಿವೆವ್ವ ಇನ್ನೊಂದು ಪಕ್ಕಕ್ಕೆ ಬಂದು ಬಾಗಿದಳು. ಸದ್ದು ಮಾಡದೆ ಕೂಸಿನ ಕೆನ್ನೆಯ ಮೇಲೆ ಮೆಲ್ಲಗೆ ಊದಿದಳು. ಕೂಸು ಅವಳ ಕಡೆ ತಿರುಗಿತು.

"ಕೇಳಿಲ್ಲವ್ವಾ," ಎಂದಳು ತಾಯಿಗೆ. "ಉಸಿರು ತಾಗೇತಿ."

ಸರೋಜವ್ವ ಮತ್ತೆ ಬಾಗಿದರು. ಈ ಸಲ ಹೆಸರನ್ನು ಕೂಗಲಿಲ್ಲ. ಕೂಸಿನ ಕೆನ್ನೆಗೆ ತುಟಿ ತಾಗುವಷ್ಟು ಹತ್ತಿರ ಹೋಗಿ, ಉಸಿರಿನಲ್ಲೇ ಹೇಳಿದರು.